ಮೊದಲ ಚಳಿಗಾಲದವರ ತಪ್ಪು

ನಲ್ಲಿ ತಿರುಗಿಸಿದಾಗ ಒಂದು ಉಸಿರು ಬಂತು, ನೀರು ಬರಲಿಲ್ಲ. ಅರ್ಡಿಸ್ ಅದನ್ನು ಹಾಗೇ ಬಿಟ್ಟು ತಮ್ಮ ಮನೆಯಾಗಿದ್ದ ಟ್ರೇಲರ್ ಗಾಡಿಯ ಈ ತುದಿಯಿಂದ ಆ ತುದಿಗೆ ನಡೆದಳು. ಒಂಬತ್ತು ಹೆಜ್ಜೆ. ತಿರುಗಿದರೆ ಮತ್ತೆ ಒಂಬತ್ತು. ಗಂಡ ಲೈಲ್ ಆಗಲೇ ಒಂದರ ಮೇಲೊಂದು ಎರಡು ಪ್ಯಾಂಟು ಏರಿಸಿ, ಅವಳ ಹೇರ್ ಡ್ರೈಯರ್ ಎತ್ತಿಕೊಂಡು, ಗಾಡಿಯ ಅಡಿಗೆ ನುಸುಳಿದ್ದ. ಡ್ರೈಯರಿನ ಗುಂಯ್ ಸದ್ದು ನೆಲದಿಂದ ಅವಳ ಪಾದಕ್ಕೆ ಏರುತ್ತಿತ್ತು.

ಸೆಪ್ಟೆಂಬರಿನಲ್ಲಿ ಇಬ್ಬರೂ ಮಾಡಿಕೊಂಡ ಒಪ್ಪಂದ ಒಂದೇ ಸಾಲಿನದು: ಒಂದು ಸಲ ಪೈಪು ಹೆಪ್ಪುಗಟ್ಟಿದರೂ ಈ ಗಾಡಿ ಬಾಳು ಸಾಕು, ಪೇಟೆಯ ಬೇಕರಿಯ ಮೇಲಿನ ಎರಡು ಕೋಣೆ ಬಾಡಿಗೆಗೆ ಹಿಡಿಯುವುದು. ಲೈಲ್ ನಗುತ್ತ ಕೈ ಕುಲುಕಿದ್ದ. ನಗದೆ ಏನು? ಗಾಡಿಯ ಬುಡಕ್ಕೆ ಚಳಿಗಾಳಿ ನುಗ್ಗದಂತೆ ಸುತ್ತಲೂ ಥರ್ಮೋಕೋಲ್ ಹಲಗೆ ಕಟ್ಟಿದವನು ಅವನು. ಮೊಂಟಾನಾದ ಮೂರು ಚಳಿಗಾಲ ಒಂದು ದಿನವೂ ನಲ್ಲಿ ನೀರು ನಿಲ್ಲದಂತೆ ದಾಟಿಸಿದ್ದೇನೆಂದು ಇಂಥ ಗಾಡಿಮನೆಗಳು ಸಾಲಾಗಿ ನಿಂತ ಆ ಪಾರ್ಕಿನವರಿಗೆಲ್ಲ ಹೇಳಿಕೊಂಡು ತಿರುಗುವವನು.

ಬಾಗಿಲು ಬಡಿದು, ಉತ್ತರಕ್ಕೆ ಕಾಯದೆ, ಪಕ್ಕದ ಗಾಡಿಯ ವರ್ನಾ ಎರಡು ಕ್ಯಾನು ನೀರಿನೊಂದಿಗೆ ಒಳಗೆ ಬಂದಳು. ಹನ್ನೆರಡು ಚಳಿಗಾಲ ಕಂಡ ಹೆಂಗಸು.

"ನಿನ್ನ ಮುದುಕ ಅಲ್ಲಿ ಕರಡಿ ಥರ ಬಿದ್ಕೊಂಡಿದಾನಲ್ಲೇ! ಬರೀ ಬೂಟು ಕಾಣ್ತಿದೆ. ಬದುಕಿದೀಯೇನೋ ಅಂದೆ, ಒದ್ದ."

"ಒದ್ರೆ ಬದುಕಿದಾನೆ ಅಂತಾಯ್ತು," ಎಂದಳು ಅರ್ಡಿಸ್. ನಡೆಯುವುದನ್ನು ನಿಲ್ಲಿಸಲಿಲ್ಲ.

"ಒಂದ್ಕಡೆ ಕೂತ್ಕೋ ಮಾರಾಯ್ತಿ, ನೋಡಿದ್ರೆ ತಲೆ ಸುತ್ತುತ್ತೆ." ವರ್ನಾ ಟೋಪಿ ತೆಗೆದಳು, ಸ್ಕಾರ್ಫ್ ಬಿಚ್ಚಿದಳು, ಹಣೆ ಒರೆಸಿಕೊಂಡಳು. "ಏನಿದು, ಹೊರಗೆ ಸೊನ್ನೆಗಿಂತ ಇಪ್ಪತ್ತು ಕೆಳಗಿದೆ, ನಿನ್ನ ಮನೆಯ ಈ ಮೂಲೇಲಿ ಮಾತ್ರ ಬೆವರು!" ಹಾಗೆನ್ನುತ್ತಲೇ ಬಗ್ಗಿ, ಬಿಸಿಗಾಳಿ ಬರಬೇಕಾದ ನೆಲದ ಜಾಲರಿಯ ಮೇಲೆ ಅಂಗೈ ಇಟ್ಟಳು. ಅದು ತಣ್ಣಗಿತ್ತು. ನಿಧಾನವಾಗಿ ತಲೆಯೆತ್ತಿ ಗೋಡೆ ನೋಡಿದಳು. ಮನೆಯ ಬಿಸಿ ಅಳೆದು ಬಿಸಿಗಾಳಿಯ ಫರ್ನೇಸನ್ನು ಹಚ್ಚಿ ಆರಿಸುವ ಥರ್ಮೋಸ್ಟಾಟಿಗೆ ಸರಿಯಾಗಿ ಕೆಳಗೆ, ಪುಟ್ಟ ಶೆಲ್ಫಿನ ಮೇಲೆ, ಅಂಗೈ ಅಗಲದ ಕರೆಂಟ್ ಹೀಟರು ಕೆಂಪಗೆ ಉರಿಯುತ್ತಿತ್ತು.

"ಅದನ್ನ ಅಲ್ಲಿಟ್ಟವರು ಯಾರು?"

"ನಾನೇ. ರಾತ್ರಿ ಕೈ ಕೊರೀತಿತ್ತು, ಅದಕ್ಕೆ."

"ಆ ಥರ್ಮೋಸ್ಟಾಟ್ ಡಬ್ಬಿಗೆ ಬಿಸಿ ತಾಗಿದ್ರೆ ಮನೆಯೆಲ್ಲ ಬೆಚ್ಚಗಿದೆ ಅಂದ್ಕೊಂಡು ಫರ್ನೇಸ್ ಮಲಗಿಬಿಡುತ್ತೆ. ಅದು ಮಲಗಿದ್ರೆ ನೆಲದಡಿ ಪೈಪಿಗೆ ಬಿಸಿಗಾಳಿ ಎಲ್ಲಿಂದ ಬರಬೇಕು? ಮೊದಲ ಚಳಿಗಾಲದವರೆಲ್ಲ ಮಾಡೋ ತಪ್ಪು ಇದು."

"ಮರೆತೆ."

"ಮರೆತೆ! ಹೋದ ತಿಂಗಳು ಆ ಮೂಲೆ ಗಾಡಿಯ ಹೊಸ ಹುಡುಗಿಗೆ ಇದನ್ನೇ ಕೂರಿಸ್ಕೊಂಡು ಪಾಠ ಮಾಡಿದ್ಯಾರು? ನಾನಾ?"

ಒಂಬತ್ತು ಹೆಜ್ಜೆಯ ಮನೆಯಲ್ಲಿ ಮುಖ ಮರೆಸಿಕೊಳ್ಳಲು ಜಾಗವಿರುವುದಿಲ್ಲ. ಅರ್ಡಿಸ್ ಆಚೆ ತುದಿಯ ಕಿಟಕಿಯ ಒಳಗೆ ಕಟ್ಟಿದ್ದ ಮಂಜನ್ನು ಉಗುರಿನಿಂದ ಕೆರೆಯತೊಡಗಿದಳು.

"ನನ್ನ ಕೈಲಿ ಆಗ್ತಿಲ್ಲ, ವರ್ನಾ. ಬೆಳಿಗ್ಗೆ ಎದ್ರೆ ಹೊದಿಕೆ ಹೆಪ್ಪುಗಟ್ಟಿ ಗೋಡೆಗೆ ಅಂಟಿರುತ್ತೆ. ಗಾಳಿ ಬೀಸಿದಾಗೆಲ್ಲ ಮಂಚ ಅಲ್ಲಾಡುತ್ತೆ. ಅಲ್ಲಾಡದೇ ಇರೋ ನೆಲದ ಮೇಲೆ ಒಂದಿನ ಬರಿಗಾಲಲ್ಲಿ ನಿಲ್ಲಬೇಕು. ಅಷ್ಟೇ."

"ಅಷ್ಟೇನಾ? ಹಾಗಂತ ಅವನಿಗೆ ಹೇಳು."

"ಹೇಳಿದ್ರೆ ಇನ್ನೊಂದು ಹಲಗೆ ಹೊಡೀತಾನೆ."

ವರ್ನಾ ಟೋಪಿ ಹಾಕಿಕೊಂಡಳು. "ಹೀಟರ್ ನಾನು ನೋಡ್ಲಿಲ್ಲ ಬಿಡು. ಆದ್ರೆ ಈ ಚಳೀಲಿ ಅವನು ಅಲ್ಲಿ ಅಂಗಾತ ಬಿದ್ದಿರೋದನ್ನ ನೋಡಿದೀನಿ ಕಣೇ. ಅದನ್ನ ನೋಡ್ಲಿಲ್ಲ ಅನ್ನೋಕಾಗಲ್ಲ." ಬಾಗಿಲು ಎಳೆದುಕೊಂಡು ಹೋದಳು.

ಮೆಟ್ಟಿಲ ಮೇಲೆ ಲೈಲ್‌ನ ಬೂಟಿನ ಸದ್ದು ಕೇಳಿದೊಡನೆ ಅರ್ಡಿಸ್ ಪ್ಲಗ್ಗು ಕಿತ್ತು, ಹೀಟರನ್ನು ದಿಂಬಿನ ಹಿಂದಕ್ಕೆ ತಳ್ಳಿದಳು. ಅವನ ಹುಬ್ಬಿನ ತುಂಬ ಮಂಜು ಕಟ್ಟಿತ್ತು. ಅವಳ ಕಡೆ ನೋಡದೆ ಕೈಗವಸು ಕಳಚಿ, ಒಂದೊಂದಾಗಿ ಮೊಳೆಗೆ ಸಿಕ್ಕಿಸಿದ.

"ಕಲ್ಲಾಗಿದೆ. ಏನು ಮಾಡಿದ್ರೂ ಬಿಡ್ತಿಲ್ಲ." ಹುಬ್ಬಿನ ಮಂಜು ಒರೆಸಿಕೊಂಡು, "ಮಾತು ಅಂದ್ಮೇಲೆ ಮಾತು. ಬೇಕರಿಯವಳಿಗೆ ಫೋನ್ ಮಾಡು," ಎಂದ.

"ಲೈಲ್, ನಾನು..."

"ಆಮೇಲೆ ಹೇಳು. ಈ ಬೆರಳು ನಂದೋ ಬೇರೆಯವರದೋ ಗೊತ್ತಾಗ್ತಿಲ್ಲ. ಬಿಸಿನೀರಲ್ಲಿ ನಿಂತು ಬರ್ತೀನಿ." ಟವೆಲ್ಲು ಹೆಗಲಿಗೆ ಹಾಕಿಕೊಂಡು ಪಾರ್ಕಿನ ಸ್ನಾನದ ಮನೆಯತ್ತ ಹೊರಟುಬಿಟ್ಟ.

ಅವಳು ಗೆದ್ದಿದ್ದಳು. ಕೂತಳು, ಎದ್ದಳು, ಮತ್ತೆ ಕೂತಳು. ಬೇಕರಿಯವಳ ನಂಬರು ಫೋನಿನ ಮೇಲೆ ತೆರೆದೇ ಇತ್ತು, ಒತ್ತಲು ಬೆರಳು ಏಳಲಿಲ್ಲ. ಕೆಳಗೆ ಡ್ರೈಯರು ಇನ್ನೂ ಗುಂಯ್‌ಗುಡುತ್ತಿತ್ತು, ಆರಿಸುವುದನ್ನೂ ಮರೆತು ಬಂದಿದ್ದ. ಇದ್ದಕ್ಕಿದ್ದಂತೆ ಅವಳು ಕೋಟು ಎಳೆದುಕೊಂಡಳು. ತಾನೇ ಪೈಪು ಕರಗಿಸಿಬಿಡಬೇಕು. ಅವನು ಬರುವಷ್ಟರಲ್ಲಿ ನಲ್ಲಿಯಲ್ಲಿ ನೀರು ಬರಬೇಕು. ಆಮೇಲೆ ನೀರಿನ ಸದ್ದು ಇರುವಾಗಲೇ ಎಲ್ಲ ಹೇಳಿಬಿಡಬೇಕು.

ಹಲಗೆ ಸರಿಸಿ ಮೊಣಕೈ ಊರಿಕೊಂಡು ಒಳಗೆ ತೆವಳಿದಳು. ಅವನು ಹಾಸಿಕೊಂಡಿದ್ದ ಹಳೇ ಕಂಬಳಿಯ ಮೇಲೆ ಅಂಗಾತ ಮಲಗಿ ನೋಡಿದರೆ, ಮುಖದಿಂದ ಒಂದು ಮೊಳ ಮೇಲೆ ಪೈಪು. ಅದರ ಉದ್ದಕ್ಕೂ ಮಂಜು ಸೂಜಿಗಳಂತೆ ನಿಂತಿತ್ತು, ಒಂದು ಸೂಜಿಯೂ ಕರಗಿರಲಿಲ್ಲ; ಇಷ್ಟು ಹೊತ್ತೂ ಬಿಸಿಗಾಳಿ ಅದಕ್ಕೆ ತಾಗಿಯೇ ಇರಲಿಲ್ಲ. ಡ್ರೈಯರು ಕಂಬಳಿಯ ಆಚೆ, ನೆಲಕ್ಕೆ ಬಾಯಿ ಮಾಡಿಕೊಂಡು ಬಿದ್ದಿತ್ತು. ಅಲ್ಲಿ ಊಟದ ತಟ್ಟೆಯಷ್ಟು ಅಗಲಕ್ಕೆ ಹಿಮ ಕರಗಿ ಕೆಸರಾಗಿ, ಹೋದ ಬೇಸಿಗೆಯ ಹುಲ್ಲಿನ ನಾಲ್ಕು ಎಸಳು ಬಿಸಿಗಾಳಿಗೆ ತೂಗಾಡುತ್ತಿದ್ದವು.