ಅಪ್ಪನ ಎದೆಬಡಿತ

ಫೋನ್ ಮತ್ತೆ ಕೆಂಪಾಗಿ ಗಂಟೆ ಹೊಡೆಯಿತು. ತನ್ನ ಕನ್ನಡಕದ ಅಂಗಡಿಯಲ್ಲಿ ಗಿರಾಕಿಯ ಮೂಗಿಗೆ ಫ್ರೇಮು ಕೂರಿಸುತ್ತಿದ್ದ ಮಗಳು ಅದನ್ನು ಓರೆಯಾಗಿಯೇ ಬಿಟ್ಟು ಫೋನ್ ಹಿಡಿದಳು. ಈ ಸಂಜೆಯೂ ಅಪ್ಪನ ಎದೆಬಡಿತ ಏರಿತ್ತು.

ಅಪ್ಪ ನಿವೃತ್ತ ಬಸ್ ಡ್ರೈವರ್. ಅವರ ಕೈಪಟ್ಟಿ ಎದೆಬಡಿತವನ್ನು ಆಸ್ಪತ್ರೆಯ ಕ್ಲೌಡ್‌ಗೆ ಕಳಿಸುತ್ತಿತ್ತು. ಹೆಚ್ಚುಕಡಿಮೆಯಾದರೆ ಮಗಳಿಗೆ ಎಚ್ಚರಿಕೆ. ಗಂಟೆ ಹೊಡೆದಾಗ ಮಾತ್ರ ನೋಡಬೇಕೆಂದು ಷರತ್ತು ಹಾಕಿಯೇ ಅಪ್ಪ ಒಪ್ಪಿದ್ದರು. ಮಾತು ಕೊಟ್ಟ ಮಗಳು ಈಗ ಹಲ್ಲುಜ್ಜುವಾಗಲೂ ಇಣುಕುತ್ತಿದ್ದಳು.

ಡಾಕ್ಟರು ಆಗಲೇ ಪರೀಕ್ಷಿಸಿ, ಮನುಷ್ಯ ಗುಂಡುಕಲ್ಲಿನ ಹಾಗಿದ್ದಾರೆ ಎಂದಿದ್ದರು. ಹಾಗಾದರೆ ಸಂಜೆಯಾದರೆ ಎದೆ ಕುಣಿಯುವುದೇಕೆ? ಅಪ್ಪ ಈಚೆಗೆ ಶಿಳ್ಳೆ ಬೇರೆ ಹಾಕುತ್ತಿದ್ದರು. ವರ್ಷಗಟ್ಟಲೆ ಜೋತಾಡುತ್ತಿದ್ದ ಕೋಟಿನ ಗುಂಡಿಯನ್ನು ಯಾರೋ ಹೊಲಿದುಕೊಟ್ಟಿದ್ದರು. ಅಪ್ಪನಿಗೋ ಸೂಜಿಗೆ ದಾರ ಪೋಣಿಸಲೂ ಬಾರದು.

ಅಪ್ಪನಿಗೆ ಯಾರೋ ಹೆಂಗಸು ಗಂಟುಬಿದ್ದಿದ್ದಾಳೆ ಎಂದು ಮಗಳು ಲೆಕ್ಕ ಹಾಕಿದಳು. ಅಮ್ಮ ಜಗಳವಾಡಿ ಬೇರೆ ಮನೆ ಮಾಡಿ ವರ್ಷಗಳಾಗಿದ್ದವು. ಇಬ್ಬರೂ ಮತ್ತೆ ಒಂದಾದಾರೆಂಬ ಆಸೆಯನ್ನು ಮಗಳೊಬ್ಬಳೇ ಸಾಕಿಕೊಂಡು ಬಂದಿದ್ದಳು. ನಡುವೆ ಇನ್ನೊಬ್ಬಳು ಬಂದರೆ ಅದಕ್ಕೆ ಎಳ್ಳುನೀರು ಬಿಟ್ಟಂತೆಯೇ.

ಮರುದಿನ ಬೆಳಿಗ್ಗೆ ಅಮ್ಮನ ಟೈಲರಿಂಗ್ ಅಂಗಡಿಗೆ ಓಡಿ, ಶಿಳ್ಳೆಯಿಂದ ಗುಂಡಿಯವರೆಗೆ ಎಲ್ಲವನ್ನೂ ಒದರಿದಳು. ಅಮ್ಮ ಮಷೀನು ನಿಲ್ಲಿಸಲಿಲ್ಲ.

"ಹೊಲಿಗೆ ಗಟ್ಟಿಯಾಗಿ ಬಂದಿದ್ಯಾ?"

"ಅಮ್ಮಾ, ಅದಲ್ಲ ವಿಷಯ."

"ಆ ಮನುಷ್ಯನ ಎದೆ ಹೇಗೆ ಬಡಿದುಕೊಂಡ್ರೆ ನಿನಗೇನೇ? ಇಣುಕೋದು ಬಿಡು."

ಎಂಥ ತಾತ್ಸಾರ! ಆದರೆ ಅಮ್ಮನ ಕೆನ್ನೆ ಕೆಂಪೇರಿತ್ತು. ಮಗಳಿಗೆ ಹೊಸ ಭಯ ಹತ್ತಿತು. ಇದು ರಕ್ತದೊತ್ತಡವೇ ಸರಿ. ಅಪ್ಪನಂತೂ ಕೈತಪ್ಪಿದರು, ಅಮ್ಮನಾದರೂ ಉಳಿಯಲಿ ಎಂದು ಆಸ್ಪತ್ರೆಯಿಂದ ಇನ್ನೊಂದು ಪಟ್ಟಿ ತಂದಳು. ಬೇಡ ಬೇಡವೆಂದು ಕೊಸರಾಡುತ್ತಿದ್ದ ಅಮ್ಮನ ಕೈಗೆ ಬಿಗಿದೇಬಿಟ್ಟಳು.

ಆ ಸಂಜೆ ಅಪ್ಪನ ಗಂಟೆ ಹೊಡೆದ ಕೂಡಲೇ ಫೋನ್ ಮಾಡಿದಳು. ಅಪ್ಪ ಏದುಸಿರು ಬಿಡುತ್ತಿದ್ದರು.

"ನಾನು ಬದುಕೇ ಇದ್ದೀನಿ, ಇಡಮ್ಮ."

ಹಿಂದೆ ಕುಣಿತದ ಸಂಗೀತ. ಹೆಜ್ಜೆ ತಪ್ಪಿ ಯಾರದೋ ಕಾಲು ತುಳಿದ ಗದ್ದಲ. ಒಬ್ಬ ಹೆಂಗಸಿನ ಕಿಲಕಿಲ ನಗು. ಅಂಥ ನಗುವನ್ನು ಮಗಳು ಜನ್ಮದಲ್ಲಿ ಕೇಳಿರಲಿಲ್ಲ. ಸಿಕ್ಕಿಬಿದ್ದಳು ಮಾಟಗಾತಿ, ಎಂದು ಹಲ್ಲು ಕಚ್ಚಿದಳು.

ಅಷ್ಟರಲ್ಲಿ ಅಂಗೈಯ ಫೋನ್ ಮತ್ತೊಮ್ಮೆ ಕೆಂಪಾಗಿ ಗಂಟೆ ಹೊಡೆಯಿತು: ಅಮ್ಮನ ಎದೆಬಡಿತ.