ಹಾಡು ಮುಗಿಯುವ ತನಕ

ಲವಂಗ ಅಗಿದಾಗಲೆಲ್ಲ ಪಾಲಿಬೆಟ್ಟದ ಆ ಮಧ್ಯಾಹ್ನ ಮರಳುತ್ತದೆ.

ಊರಿನ ಗಾಯನ ತಂಡದಲ್ಲಿ ಅಕ್ಕ ಮೊದಲ ಸಲ ಹಾಡುವವಳಿದ್ದಳು. ಸಭಾಂಗಣದ ಬಾಗಿಲಲ್ಲಿ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಅಲ್ಲೇ ಕೂಲಿಯಾಗಿದ್ದ ಅಪ್ಪನನ್ನು ಛೇಡಿಸಿದರು: "ಹಾಡು ಮುಗಿಯೋ ತನಕ ಯಾರೂ ಏಳ್ಬಾರ್ದು ಮಾರಾಯ. ನಿನ್ನ ಕೆಮ್ಮಿನ ತಾಳ ಕೂಲಿ ಲೈನಿನ ಮನೇಲೇ ಇಟ್ಕೊ."

ಅದಕ್ಕೇ ಅಪ್ಪ ಲವಂಗ ಅಗಿಯುತ್ತ ಕೂತರು. ಅಕ್ಕನ ಹಾಡಿನ ನಡುವೆ ಎದೆ ಹಿಡಿದುಕೊಂಡು, "ಉಸಿರು ಕಟ್ತಿದೆ ಮಗಾ, ಹೊರಗೆ ಹೋಗ್ತೀನಿ," ಎಂದು ಏಳಹೊರಟರು. ಗಂಜಿ ಹಾಕಿದ ಅವರ ಅಂಗಿತೋಳು ಜಗ್ಗಿ ಕೂರಿಸಿದೆ. "ಹಾಡು ಮುಗೀಲಿ ಅಪ್ಪ" ಎಂದೆನೋ, ಬರೀ ಜಗ್ಗಿದೆನೋ. ನೆನಪು ಒಂದೊಂದು ಸಲ ಒಂದೊಂದು ಹೇಳುತ್ತದೆ.

ಅಪ್ಪ ಕೆಮ್ಮಲೇ ಇಲ್ಲ.

ಹಾಡು ಮುಗಿದು ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ವೇದಿಕೆಯಿಂದ ಇಳಿದು ಬಂದು, "ಅಪ್ಪ ಯಾಕೆ ಚಪ್ಪಾಳೆ ತಟ್ಟಲಿಲ್ಲ?" ಎಂದು ನನ್ನನ್ನು ಕೇಳಿದಳು.

ಅಂಗಿತೋಳು ಇನ್ನೂ ನನ್ನ ಮುಷ್ಟಿಯಲ್ಲಿತ್ತು.