ರಿಪೇರಿಯಾಗದ ಸಾಫ್ಟ್‌ವೇರ್

ಪುಸ್ತಕ ಪ್ರಕಾಶನದ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಫಕೀರೇಶನನ್ನು ಮ್ಯಾನೇಜರ್ ಸರೋಜಾ ಎಲ್ಲರೆದುರು ‘ದಂಡಪಿಂಡ’ ಎಂದು ಬೈದಳು. ಅಂದು ಸಂಜೆ ಅವಳು ಹೋದ ಮೇಲೆ ಅವನು, ಅವಳು ಬಳಸುವ ಹಳೆಯ ಟೈಪಿಂಗ್ ಸಾಫ್ಟ್‌ವೇರಿನ ಮೆನುವಿನಿಂದ ‘ಹುಡುಕು’, ‘ಬದಲಿಸು’ ಎರಡನ್ನೂ ಮರೆಮಾಡಿದ.

“ಫಕೀರೇಶ, ‘ಬದಲಿಸು’ ಎಲ್ಲಿ ಹೋತೋ? ನಿನ್ನೆ ಇತ್ತಲ್ಲ?”

“ಹಳೇ ವರ್ಷನ್ ಐತ್ರಿ ಮೇಡಂ. ಅದ್ರಾಗ ಅವೆಲ್ಲ ಇರೂದಿಲ್ರಿ.”

ಅದೇ ವಾರ ಲೇಖಕರೊಬ್ಬರು ತಮ್ಮ ದೊಡ್ಡ ಕಾದಂಬರಿಯ ನಾಯಕಿಯ ಹೆಸರು ಬದಲಿಸಿದರು. ಸರೋಜಾ ಒಂದೊಂದೇ ಸಾಲು ಓದುತ್ತ ಕೈಯಾರೆ ತಿದ್ದಿದಳು. ಅವಳ ಕೆಂಪಾದ ಕಣ್ಣು ನೋಡಿ ಫಕೀರೇಶನ ಹೊಟ್ಟೆ ತಣ್ಣಗಾಯಿತು. ಯಜಮಾನರು ಕರೆದು ಕೇಳಿದಾಗಲೂ, “ಇದನ್ನ ಯಾರೂ ರಿಪೇರಿ ಮಾಡಾಕ ಆಗೂದಿಲ್ರಿ” ಎಂದ.

ಯಜಮಾನರು ಹೊಸ ಸಾಫ್ಟ್‌ವೇರ್ ತರಿಸಿದರು. ಸರೋಜಾ ಫಕೀರೇಶನ ಮೇಜಿನ ಹತ್ತಿರ ಬಂದಳು.

“ಇದನ್ನ ಕಂಪನಿಯವರೇ ಬಂದು ನೋಡ್ಕೋತಾರಂತ. ನಾಳಿಂದ ನೀ ಬರೂದು ಬ್ಯಾಡಂತ ಯಜಮಾನ್ರು ಹೇಳ್ಯಾರ.”

ಫಕೀರೇಶ ಗಾಬರಿಯಿಂದ ಎದ್ದು ನಿಂತ. “ಮೇಡಂ, ಹಳೇದನ್ನ ಈಗಿಂದೀಗ ಸರಿ ಮಾಡಿ ಕೊಡ್ತೀನ್ರಿ!”

“ಮಾಡ್ತೀ ಅಂತ ಗೊತ್ತೈತಿ,” ಎಂದಳು ಸರೋಜಾ. “ಮುಚ್ಚಿಟ್ಟಾಂವ ನೀನ ಅಂತ ನನಗ ಮೊದಲ್ನೇ ದಿನಾನ ಗೊತ್ತಿತ್ತು.”